ಗಿಲಾವಿಗೆ ಬಡಿದು ಟ್ಯಾಂಕ್ ಗಟ್ಟಿ ಎಂದರು!

ಮಾನ್ಯರೆ,

ನವನಗರದ ನಮ್ಮ ಸೆಕ್ಟರಿನ ನೀರಿನ ಟ್ಯಾಂಕ್ ‘ಸುಭದ್ರ’ ಎಂಬ ಸುದ್ದಿಯನ್ನು ಇವತ್ತಿನ ಪತ್ರಿಕೆಯಲ್ಲಿ ಓದಿದೆ. ಓದುವಾಗ ಕೈಯಲ್ಲಿ ಖಾಲಿ ಕೊಡ ಇತ್ತು.

ಮೊನ್ನೆ ಆ ‘ತಪಾಸಣೆ’ ನಡೆದದ್ದು ನನ್ನ ಮನೆಯ ಕಟ್ಟೆಯ ಎದುರಿಗೇ. ಒಬ್ಬರು ಗಟ್ಟಿತನ ಅಳೆಯುವ ಹ್ಯಾಮರ್ ಒತ್ತಿದರು, ಒಬ್ಬರು ಬರೆದುಕೊಂಡರು, ಮತ್ತೊಬ್ಬರು ಫೋಟೊ ತೆಗೆದರು. ಬಣ್ಣ ಬಳಿದ ಗಿಲಾವಿನ ಮೇಲೆಯೇ, ಕೈಗೆಟಕುವಷ್ಟು ಎತ್ತರದಲ್ಲಿ ಹತ್ತು ಸಲ ಟಕ್ ಟಕ್. ಚಹಾ ಕುಡಿದರು, ಹೋದರು. ಹೋದ ವಾರ ಕಾಂಕ್ರೀಟಿನ ಚಕ್ಕೆ ಕಳಚಿ ಬಿದ್ದದ್ದು ಮೇಲೆ, ತೊಟ್ಟಿಯ ತಳದಿಂದ. ತುಕ್ಕು ಹಿಡಿದ ಸರಳುಗಳು ಇಲ್ಲಿಂದಲೇ ಕಾಣುತ್ತವೆ. ಅಲ್ಲಿಗೆ ಏಣಿ ಹಚ್ಚುವ ಪುಣ್ಯಾತ್ಮ ಮಾತ್ರ ಯಾರೂ ಇರಲಿಲ್ಲ.

ನಾನು ಕಟ್ಟಡ ಕೆಲಸದ ಸೂಪರ್‌ವೈಸರ್ ಆಗಿದ್ದವನು. ಅವರು ಒತ್ತಿದ ಆ ರಿಬೌಂಡ್ ಹ್ಯಾಮರ್ ಹೇಳುವುದು ಮೇಲ್ಪದರದ ಗಟ್ಟಿತನವನ್ನಷ್ಟೇ. ಗಿಲಾವು ಕೆತ್ತಿ, ಕಾಂಕ್ರೀಟನ್ನು ಉಜ್ಜಿ ನುಣುಪು ಮಾಡಿ ಒತ್ತಬೇಕು. ಹಾಗೆ ಮಾಡಿದರೂ ಕಾಂಕ್ರೀಟಿನ ಬಲದ ಅಂದಾಜಿನಲ್ಲಿ ಶೇ 25ರಷ್ಟು ಹೆಚ್ಚುಕಡಿಮೆ ಆದೀತು ಎಂದು 1992ರ ಭಾರತೀಯ ಮಾನಕ ಐಎಸ್ 13311ರಲ್ಲೇ ಬರೆದಿತ್ತು. ಹಳೆಯ ಕಾಂಕ್ರೀಟು ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಮೇಲೆ ಬಿರುಸಾಗಿ ಹ್ಯಾಮರಿಗೆ ದೊಡ್ಡ ಅಂಕಿ ಕೊಡುತ್ತದೆ. ಅದರಿಂದಲೇ ಒಳಗೆ ಸರಳನ್ನು ತುಕ್ಕು ತಿನ್ನುತ್ತಿರುತ್ತದೆ. ಒಳಗಿನ ಪೊಳ್ಳು ತಿಳಿಯಲು ಕಾಂಕ್ರೀಟಿನೊಳಗೆ ಶಬ್ದತರಂಗ ಹಾಯಿಸುವ ಅಲ್ಟ್ರಾಸಾನಿಕ್ ಪರೀಕ್ಷೆ ಬೇಕು. ತರಂಗ ಸೆಕೆಂಡಿಗೆ 3 ಕಿ.ಮೀ. ಕೂಡ ಓಡದಿದ್ದರೆ ಆ ಕಾಂಕ್ರೀಟು ನಂಬುವಂಥದ್ದಲ್ಲ. ಸರಳಿನ ತುಕ್ಕು ತಿಳಿಯಲು ಹಾಫ್ ಸೆಲ್ ಎಂಬ ವಿದ್ಯುತ್ ಪರೀಕ್ಷೆ ಬೇರೆಯೇ ಇದೆ. ಇದನ್ನೆಲ್ಲ ಕೇಳಿದ್ದಕ್ಕೆ ತಪಾಸಣೆಗೆ ಬಂದ ಸಾಹೇಬರು, ‘ಅಜ್ಜಾರ, ಬಿಸಿಲಾಗ ಯಾಕ ನಿಂತೀರಿ, ನೆರಳಿಗೆ ಕೂಡ್ರಿ’ ಎಂದರು. ಯಾವ ನೆರಳು? ಅದೇ ಟ್ಯಾಂಕಿನದು!

ಸರಿ, ಸುಭದ್ರವೇ ಇದ್ದರೆ ನೀರೇಕೆ ಬಿಟ್ಟಿಲ್ಲ? ಎಂಟು ದಿನದಲ್ಲಿ ಮೂರು ಸಲ ಟ್ಯಾಂಕರಿಗೆ ದುಡ್ಡು ಸುರಿದೆ. ಮೊಮ್ಮಗಳು ಜಳಕವಿಲ್ಲದೆ ಪರೀಕ್ಷೆಗೆ ಹೋದಳು. ಮೊಣಕಾಲು ನೋವಿನ ನಾನು ಪಕ್ಕದ ಸೆಕ್ಟರಿನಿಂದ ಕೊಡ ಹೊರುತ್ತಿದ್ದೇನೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಬಂದ ನಮಗೆ ಕುಡಿಯುವ ನೀರಿಗೇ ಬರ! ಮುಳುಗಡೆ ಕಾಲದಲ್ಲಿ ಹಳೇ ಊರಿನ ನಮ್ಮ ಮನೆ ಅಳೆಯಲು ಬಂದವರೂ ಹೀಗೆಯೇ, ಅಡುಗೆಮನೆ ಬಿಟ್ಟು ಅಳೆದು ಹೋಗಿದ್ದರು. ಅದರ ಬಗ್ಗೆ ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ.

ಟ್ಯಾಂಕನ್ನು ಇನ್ನೊಮ್ಮೆ ನೆಟ್ಟಗೆ ಪರೀಕ್ಷಿಸಲಿ, ಇಲ್ಲವೇ ಕೆಡವಲಿ. ಏನಾದರೂ ಮಾಡಲಿ, ಮೊದಲು ನೀರು ಬಿಡಲಿ. ‘ಸುಭದ್ರ’ ಎಂದು ಸಹಿ ಹಾಕಿದವರು ತಮ್ಮ ಜೀಪನ್ನು ದಿನಾಲೂ ಅದರ ಕೆಳಗೇ ನಿಲ್ಲಿಸಲಿ. ಮೊನ್ನೆ ರಸ್ತೆಯ ಆಚೆ ಬದಿಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ.

– ಖಾಲಿ ಕೊಡದ ಅಜ್ಜ, ನವನಗರ, ಬಾಗಲಕೋಟೆ