'ಒಬ್ಬರು ಹೇಳಿದರು' ಅಂತ ಬರೀಬೇಡ

ಪ್ರೀತಿಯ ಮಗಳೇ,

ನಿನ್ನ ಮೇಲ್‌ಗೆ ಉತ್ತರ ತಡ ಆಯ್ತು, ಡಾರ್ವಿನ್ ಬಗ್ಗೆ ನೀನು ಬರ್ದಿರೋದನ್ನ ಪೂರ್ತಿ ಓದಿ ಆಮೇಲೇ ಬರೆಯೋಣ ಅಂತ ಕೂತಿದ್ದೆ. ಪ್ರಕಾಶಕರು ವಾಪಸ್ ಕಳ್ಸಿದ್ರು, ಇನ್ನು ಬರೆಯೋದೇ ಬಿಟ್ಬಿಡ್ತೀನಿ ಸಾರ್ ಅಂತ ಕೊನೇಲಿ ಒಂದು ಸಾಲು ಹಾಕಿದ್ದೀಯಲ್ಲ, ಅದನ್ನ ಓದಿ ಮೊದ್ಲು ಸಂಕಟ ಆಯ್ತು, ಆಮೇಲೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ನೋಡೋ ಕಣ್ಣು ಇಟ್ಕೊಂಡು ಬಿಟ್ಬಿಡ್ತೀನಿ ಅಂದ್ರೆ ಹೇಗೆ? ಅಧ್ಯಾಯ ಎಷ್ಟುದ್ದ ಇರ್ಬೇಕು, ಮುನ್ನುಡಿ ಯಾರ ಕೈಲಿ ಬರೆಸ್ಬೇಕು, ರಾಯಲ್ಟಿ ಎಷ್ಟು ಕೇಳ್ಬೇಕು ಅಂತೆಲ್ಲಾ ಕೇಳಿದ್ದೀಯ. ಅದನ್ನೆಲ್ಲಾ ಯಾರು ಬೇಕಾದ್ರೂ ಹೇಳ್ತಾರೆ, ನಾನು ಹೇಳಲ್ಲ. ನಂಗೆ ಹೇಳೋಕಿರೋದು ಒಂದೇ ವಿಷಯ, ಗೊತ್ತಿರೋರನ್ನ ಹೇಗೆ ಕೇಳ್ಬೇಕು, ಹೇಳಿದವರ ಹೆಸರು ಯಾಕೆ ಹಾಕ್ಬೇಕು ಅಂತ, ಅದನ್ನೇ ಉದ್ದಕ್ಕೂ ಹೇಳ್ತೀನಿ, ಸಹಿಸ್ಕೋ.

ನಿನ್ನ ಪುಸ್ತಕದಲ್ಲಿ ಡಾರ್ವಿನ್ ಒಬ್ಬಂಟಿ. ಹಡಗಿನಿಂದ ಇಳಿದ, ಹಳ್ಳೀಲಿ ಮನೆ ಮಾಡ್ದ, ಬಾಗಿಲು ಹಾಕ್ಕೊಂಡು ಯೋಚನೆ ಮಾಡ್ದ, 1859ರಲ್ಲಿ ಜೀವಜಾತಿಗಳ ಹುಟ್ಟಿನ ಬಗ್ಗೆ ಪುಸ್ತಕ ತಂದ. ಋಷಿ ಥರ. ಹಾಗಿರ್ಲಿಲ್ಲ ಕಣಮ್ಮ. 1842ರಲ್ಲಿ ಕೆಂಟ್ ಸೀಮೆಯ ಡೌನ್ ಅನ್ನೋ ಹಳ್ಳಿಗೆ ಹೋದಮೇಲೆ ಆತ ಆ ಊರು ಬಿಟ್ಟು ಹೊರಗೆ ಹೋಗಿದ್ದು ಕಮ್ಮಿ ನಿಜ, ಮೈಗೆ ಹುಷಾರಿರ್ತಿರ್ಲಿಲ್ಲ, ಆದ್ರೆ ಪ್ರಪಂಚದ ಅರ್ಧ ಭಾಗ ದಿನಾ ಅವನ ಮನೆಗೆ ಅಂಚೇಲಿ ಬರ್ತಿತ್ತು. 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಶುರುವಾಗಿತ್ತು, ದೇಶದೊಳಗೆ ಎಲ್ಲಿಗೇ ಕಳ್ಸಿದ್ರೂ ಹಗುರದ ಕಾಗದಕ್ಕೆ ಒಂದೇ ಪೆನ್ನಿ. ಅವನು ಬರ್ದಿದ್ದು, ಅವನಿಗೆ ಬಂದಿದ್ದು ಸೇರಿ ಈಗ ಸಿಕ್ಕಿರೋ ಪತ್ರಗಳೇ ಸುಮಾರು 15,000, ಪತ್ರ ವ್ಯವಹಾರ ಇಟ್ಕೊಂಡಿದ್ದವರು ಸುಮಾರು 2,000 ಜನ. ಕೇಂಬ್ರಿಜ್‌ನಲ್ಲಿ 1974ರಲ್ಲಿ ಇವನ್ನ ಒಟ್ಟು ಹಾಕೋ ಕೆಲಸ ಶುರು ಮಾಡಿ 2022ಕ್ಕೆ ಮುಗಿಸಿದ್ರು, 30 ಸಂಪುಟ ಆಯ್ತು. ಸಿಗದೇ ಹೋಗಿರೋದು ಎಷ್ಟೋ. ಅವನ ಮಗ ಫ್ರಾನ್ಸಿಸ್ ಬರ್ದಿದ್ದಾನೆ, ನಮ್ಮ ಹಳೇ ಮನೆಗಳಲ್ಲಿ ಕಾಗದಾನ ಕೊಕ್ಕೆ ತಂತಿಗೆ ಚುಚ್ಚಿ ನೇತು ಹಾಕ್ತಿದ್ರಲ್ಲ, ಅಪ್ಪನೂ ಹಾಗೇ ಚುಚ್ಚಿಡ್ತಿದ್ದ, ತಂತಿಗಳು ತುಂಬಿಹೋದ್ರೆ ಕೆಲವು ವರ್ಷದ ಪತ್ರ ಸುಟ್ಟು ಮತ್ತೆ ಖಾಲಿ ಮಾಡ್ಕೋತಿದ್ದ, ಅದಕ್ಕೇ 1862ಕ್ಕೆ ಮುಂಚೆ ಬಂದಿದ್ದು ಹೆಚ್ಚು ಉಳಿದಿಲ್ಲ ಅಂತ. ಓದಿದಾಗ್ಲೆಲ್ಲಾ ನಂಗೆ ಹೊಟ್ಟೆ ಉರಿಯುತ್ತೆ.

ಈಗ ಅವನು ಹೇಗೆ ಕೇಳ್ತಿದ್ದ ಅನ್ನೋದು ನೋಡು. 'ನಿಮ್ಮ ಕಡೆ ಜನ ಹೇಗೆ, ಪ್ರಾಣಿ ಹೇಗೆ, ಸ್ವಲ್ಪ ತಿಳಿಸಿ' ಅಂತ ಅಲ್ಲ. ಮನುಷ್ಯರ ಮುಖಭಾವದ ಬಗ್ಗೆ ಪುಸ್ತಕ ಬರೆಯೋಕೆ ಹೊರಟಾಗ 1867ರಲ್ಲಿ 16 ಪ್ರಶ್ನೆ ಪ್ರಿಂಟ್ ಹಾಕ್ಸಿ ಮಿಷನರಿಗಳು, ಅಧಿಕಾರಿಗಳು, ದೂರದ ದೇಶಗಳಲ್ಲಿ ಯಾರ್ಯಾರಿದ್ರೋ ಎಲ್ರಿಗೂ ಹಂಚಿದ. ಒಂದೊಂದು ಪ್ರಶ್ನೆಯೂ ಅಷ್ಟು ಚಿಕ್ಕದು. ಆಶ್ಚರ್ಯ ಆದಾಗ ಕಣ್ಣು ಬಾಯಿ ಅಗಲ ಆಗಿ ಹುಬ್ಬು ಮೇಲೇರುತ್ತಾ? ನಾಚಿಕೆಗೆ ಮುಖ ಕೆಂಪಾದ್ರೆ ಆ ಕೆಂಪು ಮೈಮೇಲೆ ಎಲ್ಲಿವರೆಗೂ ಇಳಿಯುತ್ತೆ? ಜೊತೆಗೆ ಒಂದು ವಿನಂತಿ, ಸಾಮಾನ್ಯ ಮಾತು ಬರೆದ್ರೆ ಉಪಯೋಗ ಕಮ್ಮಿ, ನೆನಪು ಮೋಸ ಮಾಡುತ್ತೆ, ದಯವಿಟ್ಟು ಅದನ್ನ ನಂಬ್ಬೇಡಿ, ಕಣ್ಣಾರೆ ನೋಡಿ ಬರೀರಿ. 36 ಜನ ಉತ್ತರ ಬರೆದ್ರು, 1872ರಲ್ಲಿ ಪುಸ್ತಕ ಬಂತು.

ಹದಿನಾರನೇ ಪ್ರಶ್ನೆ ನಮಗೇ ಸಂಬಂಧಪಟ್ಟಿದ್ದು. ಹೌದು ಅನ್ನೋಕೆ ತಲೇನ ಮೇಲೆ ಕೆಳಗೆ ಆಡಿಸ್ತಾರಾ, ಇಲ್ಲ ಅನ್ನೋಕೆ ಅಡ್ಡ ಆಡಿಸ್ತಾರಾ? ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್‌ನಲ್ಲಿ ಜಾನ್ ಸ್ಕಾಟ್ ಅಂತ ಒಬ್ಬ ಇದ್ದ. ಇಂಡಿಯಾದ ಒಬ್ರು, ಹೌದು ಅನ್ನೋವಾಗ ತಲೆ ಎಡಕ್ಕೆ ವಾಲುತ್ತೆ ಅಂತ ತಿಳಿಸಿದ್ರಂತೆ. ಡಾರ್ವಿನ್‌ಗೆ ಅಷ್ಟು ಸಾಲ್ಲಿಲ್ಲ, ಈ ಒಂದು ವಿಷಯಾನೇ ಗಮನ ಇಟ್ಟು ನೋಡಿ ಅಂತ ಸ್ಕಾಟ್‌ನ ಮತ್ತೆ ಕೇಳ್ದ. ಸ್ಕಾಟ್ ಮತ್ತೆ ಮತ್ತೆ ನೋಡಿ ಹೇಳ್ದ, ತಲೆ ಮೊದ್ಲು ಎಡಕ್ಕೋ ಬಲಕ್ಕೋ ಹಿಂದೆ ಹೋಗಿ ಆಮೇಲೆ ಓರೆಯಾಗಿ ಒಂದೇ ಸಲ ಮುಂದಕ್ಕೆ ಜಗ್ಗುತ್ತೆ, ನೇರ ಮೇಲೆ ಕೆಳಗೆ ಆಡಿಸೋದು ಇಲ್ಲಿ ಅಷ್ಟು ಬಳಕೆ ಇಲ್ಲ ಅಂತ. ಒಂದ್ಸಲ ಕನ್ನಡಿ ಮುಂದೆ ನಿಂತು ಹೂಂ ಅನ್ನು, ಗೊತ್ತಾಗುತ್ತೆ. ಡೌನ್ ಹಳ್ಳೀಲಿ ಕೂತವನು ಇಂಡಿಯಾಗೆ ಒಂದ್ಸಲಾನೂ ಬರದೇ ಅದನ್ನ ಪುಸ್ತಕಕ್ಕೆ ತಂದ!

ಈ ಸ್ಕಾಟ್ ಯಾರು ಗೊತ್ತಾ, ಮೊದ್ಲು ಎಡಿನ್‌ಬರೋ ಬೊಟಾನಿಕಲ್ ಗಾರ್ಡನ್‌ನಲ್ಲಿ ತೋಟದ ಕೆಲಸದವನು. 1862ರಲ್ಲಿ ಡಾರ್ವಿನ್ ಆರ್ಕಿಡ್ ಪುಸ್ತಕ ತಂದಾಗ, ಪರಿಚಯಾನೇ ಇಲ್ಲದ ಈ ಹುಡುಗ ಒಂದು ಗಿಡದ ವಿಷಯದಲ್ಲಿ ನೀವು ಬರ್ದಿರೋದು ತಪ್ಪು ಅಂತ ಪತ್ರ ಹಾಕ್ದ. ಡಾರ್ವಿನ್ ಸಿಟ್ಟಾಗ್ಲಿಲ್ಲ, ಥ್ಯಾಂಕ್ಸ್ ಹೇಳ್ದ, ಇನ್ನಷ್ಟು ಪ್ರಶ್ನೆ ಕೇಳ್ದ, ಕೊನೆಗೆ ಅವನು ಇಂಡಿಯಾಗೆ ಹೊರಟಾಗ ಪ್ರಯಾಣದ ಖರ್ಚನ್ನೂ ಕೊಟ್ಟ. ತಿದ್ದಿದವನನ್ನ ಹೀಗೆ ಹತ್ರ ಇಟ್ಕೊಳ್ಳೋ ದೊಡ್ಡವರನ್ನ ನಮ್ಮ ಸಾಹಿತ್ಯ ವಲಯದಲ್ಲಿ ನಾನು ಕಂಡಿದ್ದು ತುಂಬಾ ಕಮ್ಮಿ.

ಈಗ ನಿನ್ನ ಪಾರಿವಾಳದ ಅಧ್ಯಾಯಕ್ಕೆ ಬರ್ತೀನಿ, ಇಡೀ ಪುಸ್ತಕದಲ್ಲಿ ನಾನು ಎದ್ದು ಕೂತಿದ್ದು ಅಲ್ಲೇ. ನಿಮ್ಮ ಬೀದೀಲಿ ಮಾಳಿಗೆ ಮೇಲೆ ಪಾರಿವಾಳ ಸಾಕೋರನ್ನ ಹೋಗಿ ಮಾತಾಡಿಸಿದ್ದೀಯ, ಅವ್ರು ರೆಕ್ಕೆ ಬಿಡಿಸಿ ಗರಿ ಎಣಿಸಿ ತೋರ್ಸೋದನ್ನ ಎಷ್ಟು ಚೆನ್ನಾಗಿ ಬರ್ದಿದ್ದೀಯ. ಡಾರ್ವಿನ್ ಮಾಡಿದ್ದೂ ಅದನ್ನೇ, 1855ರಿಂದ ತಾನೂ ಪಾರಿವಾಳ ಸಾಕ್ದ, ಸಾಕೋರ ಕ್ಲಬ್ ಸೇರ್ದ. ಲಂಡನ್ನಿನ ಬರೋ ಅನ್ನೋ ಕಡೆ ಒಂದು ಸಾರಾಯಿ ಅಂಗಡೀಲಿ ಇವರ ಮಧ್ಯೆ ಕೂತಿದ್ದಾಗ, ಯಾರೋ ಒಬ್ಬ ಗಾತ್ರ ಬರ್ಲಿ ಅಂತ ಪೌಟರ್ ತಳೀನ ರಂಟ್ ತಳಿ ಜೊತೆ ಬೆರೆಸಿದ್ದಾನೆ ಅನ್ನೋ ಮಾತು ಬಂತಂತೆ, ಕೂತಿದ್ದವರೆಲ್ಲಾ ಮಹಾಪರಾಧ ನಡೆದಂಗೆ ಗಂಭೀರವಾಗಿ ತಲೆ ಅಲ್ಲಾಡಿಸಿದ್ರಂತೆ. ಇದನ್ನ ವಿಜ್ಞಾನಿ ಗೆಳೆಯ ಹಕ್ಸ್ಲಿಗೆ ಪತ್ರದಲ್ಲಿ ಬರ್ದಿದ್ದಾನೆ, ಆ ಜನರ ಸಹವಾಸ ತನಗೆ ಎಷ್ಟು ಮುಖ್ಯ ಆಯ್ತು ಅಂತ ಹೇಳೋಕೆ.

ಆದ್ರೆ ನಿನ್ನ ಪಾರಿವಾಳದವರಿಗೆ ಹೆಸರೇ ಇಲ್ಲ. 'ನಮ್ಮ ಬಡಾವಣೆಯ ಒಬ್ಬರು ಹೇಳಿದರು'. ಯಾಕಮ್ಮ? ಅವ್ರು ಬೇಡ ಅಂದ್ರಾ? ಹಾಗಿದ್ರೆ ಸರಿ, ಅವರ ಇಷ್ಟ. ನೀನೇ ಕೇಳ್ಲಿಲ್ಲ ಅಂತ ನಂಗೆ ಅನುಮಾನ. ಅದೇ ಅಧ್ಯಾಯದಲ್ಲಿ ವಿದೇಶದ ಪ್ರೊಫೆಸರ್‌ಗಳ ಹೆಸರು ಇನಿಷಿಯಲ್ ಸಮೇತ ಹಾಕಿದ್ದೀಯಲ್ಲ!

ಇದು ನಂಗೆ ಹಳೇ ಗಾಯ. ವಯಸ್ಸಲ್ಲಿ ಒಬ್ಬ ದೊಡ್ಡ ಲೇಖಕರಿಗೆ ಉದ್ದದ ಪತ್ರ ಬರ್ದಿದ್ದೆ, ಪೆಟ್ಟಿಗೆಯ ತುಡುವೆ ಜೇನು ಪಾಲಾಗೋ ಮುಂಚೆ ಗೂಡಿನ ಸದ್ದು ಹೇಗೆ ಬದಲಾಗುತ್ತೆ ಅಂತ ನಮ್ಮಜ್ಜ ಹೇಳಿದ್ದನ್ನ, ಅಜ್ಜನ ಹೆಸರು ಊರು ಎಲ್ಲಾ ಹಾಕಿ. ಸ್ವಲ್ಪ ದಿನಕ್ಕೆ ಅದು ಅವರ ಅಂಕಣದಲ್ಲಿ ಬಂತು, ಹೆಚ್ಚು ಕಮ್ಮಿ ನನ್ನ ವಾಕ್ಯಗಳೇ, 'ಮಲೆನಾಡಿನ ಕಡೆ ಹೇಳುತ್ತಾರೆ' ಅಂತ. ಅಜ್ಜ ಓದಿಸ್ಕೊಂಡು ಕೇಳಿ, 'ನನ್ನ ಹೆಸರು ಎಲ್ಲಿ ಬಂತು?' ಅಂದ್ರು. ನಾನು ಏನು ಹೇಳ್ಲಿ? ಆ ಲೇಖಕರೂ ಈಗಿಲ್ಲ, ಅಜ್ಜನೂ ಇಲ್ಲ, ಸಿಟ್ಟು ಮಾತ್ರ ಹಾಗೇ ಇದೆ.

ಡಾರ್ವಿನ್ ಹೆಸರು ಹಾಕ್ತಿದ್ದ. 1859ರ ಆ ಪುಸ್ತಕದ ಮೊದಲನೇ ಅಧ್ಯಾಯದಲ್ಲೇ, ಇಂಡಿಯಾದಿಂದ ಪಾರಿವಾಳದ ಚರ್ಮ ಕಳಿಸಿಕೊಟ್ಟವನು ಎಲಿಯಟ್ ಅಂತ ಇದೆ. ನೀನು ಆ ಹೆಸರನ್ನ ದಾಟಿ ಹೋಗ್ಬಿಟ್ಟಿದ್ದೀಯ. ವಾಲ್ಟರ್ ಎಲಿಯಟ್! 1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಾಗ ಇನ್ನೊಬ್ಬ ಅಧಿಕಾರಿ ಸ್ಟೀವನ್‌ಸನ್ ಜೊತೆ ಸೆರೆ ಸಿಕ್ಕಿದ್ನಲ್ಲ, ಅದೇ ಎಲಿಯಟ್. ಧಾರವಾಡದ ಕಡೆ ಇದ್ದಾಗ ನೂರಾರು ಕನ್ನಡ ಶಾಸನಗಳ ನಕಲು ಕೂಡಿಸಿದವನು, ಆಮೇಲೆ ಮದ್ರಾಸ್ ಸೀಮೇಲಿ ದೊಡ್ಡ ಅಧಿಕಾರಿ ಆದ. 1856ರ ಜನವರೀಲಿ ಡಾರ್ವಿನ್ ಅವನಿಗೆ ಪತ್ರ ಬರ್ದು ಸಾಕಿದ ಪಾರಿವಾಳ, ಕೋಳಿಗಳ ಚರ್ಮ ಕೇಳ್ದ. ಕಿತ್ತೂರು ಚೆನ್ನಮ್ಮನ ಸೆರೆಯಾಳು ಡಾರ್ವಿನ್ ಪುಸ್ತಕದಲ್ಲಿದ್ದಾನೆ, ಕನ್ನಡದಲ್ಲಿ ಡಾರ್ವಿನ್ ಬಗ್ಗೆ ಬರೆಯೋಳು ಅದನ್ನ ಬಿಡ್ಬಹುದಾ?

ಹಾಗಂತ ಡಾರ್ವಿನ್‌ನ ದೇವ್ರು ಮಾಡ್ಬೇಡ. ಎಲಿಯಟ್ ಹೆಸರು ಇದೆ, ಆ ಪಾರಿವಾಳ ಸಾಕಿದವರ ಹೆಸರು ಅಲ್ಲಿಲ್ಲ. ಸ್ಕಾಟ್ ಹೆಸರು ಇದೆ, ಎಡಕ್ಕೆ ತಲೆ ವಾಲುತ್ತೆ ಅಂತ ತಿಳಿಸಿದವರು ಬರೀ 'ಒಬ್ಬ ನೇಟಿವ್ ಜಂಟಲ್‌ಮನ್'. ನೂರೈವತ್ತು ವರ್ಷ ಆದ್ಮೇಲೆ ನಾನು ಇಲ್ಲಿ ಕೂತು ಆ ಮನುಷ್ಯ ಯಾರಿರ್ಬಹುದು ಅಂತ ತಲೆ ಕೆಡಿಸ್ಕೋತೀನಿ. ನಿನ್ನ ಬಡಾವಣೆಯ ಒಬ್ಬರಿಗೂ ಅದೇ ಗತಿ ಆಗ್ಬಾರ್ದು.

ಕೇಳೋಕೆ ಸಂಕೋಚ ಆಗುತ್ತೆ, ಏನೂ ಗೊತ್ತಿಲ್ಲದವಳು ಅಂದ್ಕೋತಾರೆ ಅಂತ ಬರ್ದಿದ್ದೀಯ. 1882ರ ಫೆಬ್ರವರೀಲಿ, ಸಾಯೋಕೆ ಎರಡು ತಿಂಗಳು ಮುಂಚೆ, ನಾರ್ಥಾಂಪ್ಟನ್‌ನಲ್ಲಿ ಶೂ ತಯಾರಿಸೋ ಕ್ರಿಕ್ ಅನ್ನೋ ಯುವಕ ಡಾರ್ವಿನ್‌ಗೆ ಪತ್ರ ಬರ್ದ, ನೀರುಜೀರುಂಡೆ ಕಾಲಿಗೆ ಒಂದು ಪುಟ್ಟ ಚಿಪ್ಪು ಕಚ್ಚಿಕೊಂಡಿತ್ತು ಅಂತ. ಚಿಪ್ಪಿನ ಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೆ ಅನ್ನೋದು ಡಾರ್ವಿನ್‌ನ ಹಳೇ ಪ್ರಶ್ನೆ. ಪ್ರಪಂಚಕ್ಕೆಲ್ಲಾ ಹೆಸರಾಗಿದ್ದ ಮುದುಕ ಆ ಹುಡುಗನನ್ನ ಕೇಳ್ತಾನೆ, ಹತ್ತಿರದ ಕೊಳ ಎಷ್ಟು ದೂರ, ಚಿಪ್ಪಿನ ಅಳತೆ ಎಷ್ಟು, ಕಾಲು ಎಷ್ಟು ಸಿಕ್ಕಿಹಾಕ್ಕೊಂಡಿತ್ತು? ಏಪ್ರಿಲ್ 6ಕ್ಕೆ ನೇಚರ್ ಪತ್ರಿಕೇಲಿ ಇದರ ಬಗ್ಗೆ ಡಾರ್ವಿನ್ ಬರಹ ಬಂತು, ಕ್ರಿಕ್ ಹೆಸರು ಸಮೇತ. 19ಕ್ಕೆ ಡಾರ್ವಿನ್ ತೀರ್ಕೊಂಡ. ಈ ಕ್ರಿಕ್‌ನ ಮೊಮ್ಮಗನೇ ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬ, ಇದನ್ನೂ ಪುಸ್ತಕಕ್ಕೆ ಸೇರ್ಸ್ಕೋ.

ಮಾಳಿಗೆಯವರ ಹತ್ರ ಮತ್ತೆ ಹೋಗು. ಒಂದು ಹಕ್ಕಿ ಕೈಗೆ ತಗೊಂಡು, ಬಾಲದಲ್ಲಿ ಗರಿ ಎಷ್ಟು, ಯಾವ ಜೋಡೀದು, ಯಾವ ಗುಣ ನೋಡಿ ಜೋಡಿ ಹಾಕ್ತಾರೆ, ಯಾವುದನ್ನ ಬೇಡ ಅಂತಾರೆ, ಯಾಕೆ ಅಂತ ಅಲ್ಲೇ ನಿಂತು ಬರ್ಕೋ, ಮನೆಗೆ ಬಂದು ನೆನಪಿಂದ ಬರೀಬೇಡ. ಹೆಸರು ಹಾಕ್ಲಾ ಅಂತ ಕೇಳು. ಆ ಅಧ್ಯಾಯ ಮತ್ತೆ ಬರ್ದು ಕಳ್ಸು, ಎಲಿಯಟ್‌ನೂ ಸೇರ್ಸಿ. ಪ್ರಕಾಶಕರ ಮಾತು ಆಮೇಲೆ ನೋಡೋಣ.

ನಿನ್ನ,
ಮೇಷ್ಟ್ರು