ಫಾರ್ಮಸಿ ಸೇರೋ ಮಕ್ಕಳಿಗೆ ಪಿಯುಸಿಲೇ ದಾರಿ ಹೇಳಿ

ಸಂಪಾದಕರಿಗೆ ನಮಸ್ಕಾರ,

ಮೂಡಿಗೆರೆಲಿ ಮೆಡಿಕಲ್ ಶಾಪ್ ಇಟ್ಕೊಂಡಿದ್ದೀನಿ. ಪಿಯುಸಿ ರಿಸಲ್ಟ್ ಬಂದ್ಮೇಲೆ ದಿನಾ ಯಾರಾದ್ರೂ ಬಂದು "ಅಣ್ಣಾ, ಫಾರ್ಮಸಿ ಸೇರ್ಬೇಕು, ಏನ್ ಮಾಡ್ಬೇಕು" ಅಂತ ಕೇಳ್ತಾರೆ, ಅಷ್ಟೊತ್ತಿಗೆ ಸಿಇಟಿ ಅರ್ಜಿ ಹಾಕೋ ಟೈಮೇ ಮುಗ್ದಿರುತ್ತೆ. ಬಿ.ಫಾರ್ಮ್ ಅನ್ನೋ ಡಿಗ್ರಿ 4 ವರ್ಷ, ಫಾರ್ಮ್.ಡಿ ಅನ್ನೋ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ 6 ವರ್ಷ, 2 ವರ್ಷದ ಡಿಪ್ಲೊಮಾ ಡಿ.ಫಾರ್ಮ್ ಮುಗಿಸಿದೋರು ಬಿ.ಫಾರ್ಮ್ 2ನೇ ವರ್ಷಕ್ಕೇ ಸೇರ್ಬೋದು, ಇಷ್ಟನ್ನೂ ಹೇಳೋರಿಲ್ಲ.

ನಮ್ಮಕ್ಕನ ಮಗಳು 1ರಿಂದ 10ರವರೆಗೂ ಹಳ್ಳಿ ಸ್ಕೂಲಲ್ಲೇ ಕನ್ನಡ ಮೀಡಿಯಂ ಓದಿದೋಳು, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡೂ ಸಿಗ್ಬೇಕಿತ್ತು, ಆದ್ರೆ ಸರ್ಟಿಫಿಕೇಟಲ್ಲಿ ಹೆಡ್ ಮೇಷ್ಟ್ರ ಸಹಿ ಇದೆ, ಬಿಇಒ ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ ಇಲ್ಲ. ಅಂಗಡಿ ಬೆಂಚಿನ ಮೇಲೆ ಫೈಲ್ ತೊಡೆ ಮೇಲಿಟ್ಕೊಂಡು ಅಳ್ತಾ ಕೂತಿದ್ಲು, ನೋಡೋಕಾಗ್ಲಿಲ್ಲ. ರಾತ್ರಿಯೆಲ್ಲಾ ಕೆಮಿಸ್ಟ್ರಿ ಓದಿದ ಹುಡುಗಿ ಒಂದು ಸಹಿಗೆ ಸೋಲ್ಬಾರ್ದು.

ಇನ್ನೊಂದ್ ವಿಷ್ಯ, ಫೀಸ್ ಕಟ್ಟೋ ಮುಂಚೆ ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯತೆ ಇದ್ಯಾ ನೋಡ್ಕೊಳ್ಳಿ, ಇಲ್ದಿದ್ರೆ ಓದು ಮುಗಿದ್ಮೇಲೆ ಫಾರ್ಮಸಿಸ್ಟ್ ಅಂತ ರಿಜಿಸ್ಟರ್ ಆಗೋಕಾಗಲ್ಲ. ಬಿಲ್ಡಿಂಗ್ ನೋಡಿ ದುಡ್ಡು ಕಟ್ಟಿ ಬಂದೋರನ್ನ ಕಂಡಿದ್ದೀನಿ.

ಮೂಡಿಗೆರೆ, ಸಕಲೇಶಪುರ, ಆಲೂರು ಕಡೆ ಪಿಯು ಕಾಲೇಜುಗಳಲ್ಲಿ ಡಿಸೆಂಬರಲ್ಲೇ ಒಂದು ದಿನ ಇದನ್ನೆಲ್ಲಾ ಹೇಳ್ಸಿ, ಸರ್ಟಿಫಿಕೇಟು ಆಗ್ಲೇ ಮಾಡ್ಸಿ. ಕರೆದ್ರೆ ಅಂಗಡಿ ಮುಚ್ಚಿ ನಾನೇ ಬರ್ತೀನಿ.

– ಒಬ್ಬ ಫಾರ್ಮಸಿಸ್ಟ್, ಮೂಡಿಗೆರೆ