ಸಹಿಗೆ ಮೊದಲು: ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ನೆರವು ಕೇಂದ್ರಕ್ಕೆ ದೇಣಿಗೆ ಮನವಿ

ಮಾನ್ಯರೇ,

ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿ, ವಿಧವೆ ಮತ್ತು ಅವಿವಾಹಿತ ಮಗಳಿಗೂ ಪಾಲು ಸಲ್ಲಬೇಕೆಂದು ವಿಧಿಸಿತು. ಮಗಳಿಗೆ ದೊರೆತದ್ದು ಸೋದರನ ಪಾಲಿನ ಕಾಲುಭಾಗ ಮಾತ್ರ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಸೀಮಿತ ಹಕ್ಕು ನೀಡಿದ ಕಾಯಿದೆ ಬಂದದ್ದು 1937ರಲ್ಲಿ ಎಂಬುದನ್ನು ಗಮನಿಸಿದರೆ, ನಮ್ಮ ನಾಡಿನ ಆ ಹೆಜ್ಜೆಯ ಬಗ್ಗೆ ಅಭಿಮಾನ ಪಡುವುದು ಸಹಜ.

ಆ ಕಾಲುಭಾಗ ಪೂರ್ಣ ಪಾಲಾಗಲು ಎಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಡಾ. ಬಿ.ಆರ್. ಅಂಬೇಡ್ಕರ್ ಅವರು 1951ರಲ್ಲಿ ಕಾನೂನು ಮಂತ್ರಿ ಪದವಿಯನ್ನು ತ್ಯಜಿಸಿದ್ದಕ್ಕೆ ಹೆಣ್ಣುಮಕ್ಕಳ ಆಸ್ತಿ ಹಕ್ಕನ್ನೂ ಒಳಗೊಂಡಿದ್ದ ಹಿಂದೂ ಸಂಹಿತೆ ಮಸೂದೆಯನ್ನು ಸರ್ಕಾರ ಕೈಬಿಟ್ಟದ್ದೂ ಒಂದು ಮುಖ್ಯ ಕಾರಣವಾಗಿತ್ತು. 1956ರ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮವಾಗಿ ಕಂಡರೂ, ಪಿತ್ರಾರ್ಜಿತ ಆಸ್ತಿಯ ಜನ್ಮಸಿದ್ಧ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಆ ಹಕ್ಕನ್ನು ಹೆಣ್ಣುಮಕ್ಕಳಿಗೂ ನೀಡಲು ಕರ್ನಾಟಕವು 1994ರಲ್ಲಿ ತನ್ನದೇ ತಿದ್ದುಪಡಿ ತಂದಿತಾದರೂ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. ಆ ಭೇದವನ್ನೂ ಅಳಿಸಿದ್ದು 2005ರ ಕೇಂದ್ರ ತಿದ್ದುಪಡಿ. ಮಗಳು ಈ ಹಕ್ಕು ಪಡೆಯಲು ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಇಷ್ಟು ತಲೆಮಾರುಗಳು ದುಡಿದು ಗಳಿಸಿದ ಹಕ್ಕು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಷಣಾರ್ಧದಲ್ಲಿ ಕೈತಪ್ಪುತ್ತಿರುವುದನ್ನು ನಾವು ನೋಡುತ್ತಿದ್ದೇವೆ. ಬೆಳಗಿನ ಬಸ್ಸಿಗೆ ಮಗುವನ್ನೆತ್ತಿಕೊಂಡು ಬಂದ ಹೆಣ್ಣುಮಗಳು, ಅಣ್ಣ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತಾಳೆ. ಅರಿಶಿನ ಕುಂಕುಮಕ್ಕೆಂದು ಇಂತಿಷ್ಟು ಹಣ ಪಡೆದು ಹಕ್ಕು ಬಿಟ್ಟುಕೊಟ್ಟಿರುವೆನೆಂದು ಆ ಪತ್ರದಲ್ಲಿ ಬರೆದಿರುವುದನ್ನು ಅವಳಿಗೆ ಯಾರೂ ಓದಿ ಹೇಳಿರುವುದಿಲ್ಲ. ಓದಿಕೊಂಡವರೂ ಕೇಳಲು ಹಿಂಜರಿಯುತ್ತಾರೆ, ಏಕೆಂದರೆ ಪಾಲು ಕೇಳಿದರೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದು ನಿಂತೀತೆಂಬ ಭಯ ಸುಳ್ಳು ಭಯವೇನಲ್ಲ. ತಿಳಿದು, ಮನಸ್ಸಾರೆ ಬಿಟ್ಟುಕೊಡುವವರನ್ನು ನಾವು ತಡೆಯುವುದಿಲ್ಲ. ತಿಳಿಯದೆ ಕಳೆದುಕೊಳ್ಳಬಾರದೆಂಬುದಷ್ಟೇ ನಮ್ಮ ಕಳಕಳಿ.

ಆದ್ದರಿಂದ ನಮ್ಮ ಟ್ರಸ್ಟ್ ತಾಲ್ಲೂಕು ಕೇಂದ್ರದಲ್ಲಿ, ಸಂತೆಯ ದಿನಗಳಂದು ತೆರೆದಿರುವ ನೆರವು ಕೇಂದ್ರವೊಂದನ್ನು ಆರಂಭಿಸಲು ನಿಶ್ಚಯಿಸಿದೆ. ಪತ್ರವನ್ನು ಸಹಿಗೆ ಮೊದಲು ಓದಿ ಅರ್ಥ ಹೇಳುವುದು, ಪಹಣಿ ಮತ್ತು ಮ್ಯುಟೇಷನ್ ಪ್ರತಿಗಳನ್ನು ತೆಗೆಸಿಕೊಡುವುದು, ವಂಶವೃಕ್ಷಕ್ಕೆ ಅರ್ಜಿ ಬರೆದುಕೊಡುವುದು ಇಲ್ಲಿನ ಕೆಲಸ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿರುವುದರಿಂದ, ದಾವೆ ಹೂಡಬೇಕಾಗಿ ಬಂದವರನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಜೊತೆಗೂಡಿ ಕರೆದೊಯ್ಯುತ್ತೇವೆ. ಆದರೆ ದಾಖಲೆ ಪ್ರತಿಗಳ ಶುಲ್ಕ, ಬಸ್ಸಿನ ಖರ್ಚು, ತಪ್ಪಿದ ದಿನಗೂಲಿ ಇವೆಲ್ಲ ಆಕೆಯ ಮೇಲೆಯೇ ಬೀಳುತ್ತವೆ. ತಮ್ಮ ದೇಣಿಗೆಯ ಬಹುಪಾಲು ವಿನಿಯೋಗವಾಗುವುದು ಇದಕ್ಕೇ. ಉಳಿದದ್ದು ಕೊಠಡಿಯ ಬಾಡಿಗೆಗೆ ಮತ್ತು ಸರಳ ಕನ್ನಡದ ಕೈಪಿಡಿಯ ಮುದ್ರಣಕ್ಕೆ.

ಮೊತ್ತ ಎಷ್ಟೇ ಆಗಿರಲಿ, ಕೃತಜ್ಞತೆಯಿಂದ ಸ್ವೀಕರಿಸಿ ರಸೀದಿ ನೀಡುತ್ತೇವೆ ಮತ್ತು ಲೆಕ್ಕಪತ್ರವನ್ನು ವಾರ್ಷಿಕ ಸಭೆಯಲ್ಲಿ ಮಂಡಿಸುತ್ತೇವೆ. ಕಂದಾಯ ಇಲಾಖೆಯಿಂದ ನಿವೃತ್ತರಾದವರು ಮತ್ತು ವಕೀಲರು ಸಂತೆಯ ದಿನ ಅರ್ಧ ದಿನದ ಬಿಡುವು ಮಾಡಿಕೊಂಡು ಬಂದರೆ, ಅದನ್ನೂ ದೇಣಿಗೆಯೆಂದೇ ಭಾವಿಸುತ್ತೇವೆ.

ಇಂತಿ,
ಟ್ರಸ್ಟಿನ ಕಾರ್ಯಕಾರಿ ಸಮಿತಿ